ಮಹಡಿ ಮನೆಯ ಹುಡುಗನನ್ನು ಮಗ ‘ಆರ್ಕ್’ ಎಂದ: ಪುಸ್ತಕ ಕಿತ್ತುಕೊಳ್ಳಬೇಕೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಒಂಬತ್ತನೇ ತರಗತಿಗೆ ಹೋಗಲಿರುವ ಮಗ ಬೇಸಿಗೆ ರಜೆ ಶುರುವಾದಾಗಿನಿಂದ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಹಿಡಿದು ಕೂತಿದ್ದ. ಸಿನಿಮಾಗಳನ್ನು ಮೊದಲೇ ನೋಡಿದ್ದ. ನಮ್ಮ ಮಹಡಿ ಮೇಲಿನ ಕೋಣೆಯಲ್ಲಿ ಕಾಶ್ಮೀರದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದಾನೆ, ಬಿಡುವಿದ್ದಾಗ ಮಗನಿಗೆ ಗಣಿತ ಹೇಳಿಕೊಡುತ್ತಿದ್ದ. ಪಹಲ್ಗಾಮ್ ಹತ್ಯಾಕಾಂಡವಾದ ವಾರ ಬೀದಿಯವರು ಶ್ರದ್ಧಾಂಜಲಿ ಸಭೆ ಮಾಡಿದಾಗ, ಆ ಹುಡುಗ ಮುಂದೆ ಬಂದು ಎಲ್ಲರೆದುರು ಭಯೋತ್ಪಾದಕರ ವಿರುದ್ಧ ಘೋಷಣೆ ಕೂಗಲಿ ಎಂದು ಕೆಲವು ಹಿರಿಯರು ಹೇಳಿದರು. ಅವನು ಬಂದು ಕೂಗಿದ. ಮನೆಗೆ ಬಂದ ಮೇಲೆ ಮಗ, ‘ಇವರೆಲ್ಲ ಆರ್ಕ್‌ಗಳೇ, ಒಬ್ಬಿಬ್ಬರು ಒಳ್ಳೆಯವರಂತೆ ನಟಿಸ್ತಾರೆ ಅಷ್ಟೆ’ ಅಂದ. ಆರ್ಕ್ ಅಂದರೆ ಆ ಕಾದಂಬರಿಯಲ್ಲಿ ಶತ್ರುವಿನ ಸೈನ್ಯದಲ್ಲಿರುವ ವಿಕಾರ, ಕ್ರೂರ ಜೀವಿ. ಮೆಟ್ಟಿಲ ಮೇಲಿದ್ದ ಆ ಹುಡುಗನಿಗೆ ಅದು ಕೇಳಿಸಿರಬೇಕು, ಅಂದಿನಿಂದ ಅವನು ಕೆಳಗೆ ಬಂದಿಲ್ಲ. ಇದನ್ನು ಮಗನಿಗೆ ಕಲಿಸಿದ್ದು ಆ ಪುಸ್ತಕವೇ? ಅದನ್ನು ಕಿತ್ತುಕೊಳ್ಳಬೇಕೆ? ಹಿರಿಯರು ಕೇಳಿದ್ದು ಅಂಥ ಹೊತ್ತಿನಲ್ಲಿ ಸಹಜವೇ ಅಲ್ಲವೇ?

ಉತ್ತರ: ಪುಸ್ತಕವನ್ನು ಕಿತ್ತುಕೊಳ್ಳಬೇಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನೇ ಮುಂಚೆ ಎತ್ತಿಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ, ಏಕೆಂದರೆ ನಿಮ್ಮ ಮಗ ಮನೆಗೆ ಬಂದು ಆಡಿದ ಮಾತು, ಬೀದಿಯಲ್ಲಿ ದೊಡ್ಡವರು ಅದಕ್ಕೂ ಸ್ವಲ್ಪ ಮೊದಲು ಆಡಿದ ಮಾತಿನ ಮುಂದುವರಿಕೆಯಾಗಿದೆ. ದೊಡ್ಡವರು ಅದನ್ನು ಸಭ್ಯವಾಗಿ ಹೇಳಿದರು. ಹುಡುಗ ತಾನು ಓದುತ್ತಿದ್ದ ಕಾದಂಬರಿಯಿಂದ ಒಂದು ಹೆಸರನ್ನು ಎರವಲು ಪಡೆದು ಹೇಳಿದ. ಇಡೀ ಬೀದಿಯಲ್ಲಿ ಒಬ್ಬನನ್ನು ಮಾತ್ರ ಮುಂದೆ ಕರೆದು, ನೀನು ಆ ಕೊಲೆಗಡುಕರ ಕಡೆಯವನಲ್ಲವೆಂದು ತೋರಿಸು ಎಂದು ಕೇಳಿದ ಮೇಲೆ, ಅವನು ಎಷ್ಟು ಗಟ್ಟಿಯಾಗಿ ಕೂಗಿದರೇನು? ನೋಡುತ್ತಾ ನಿಂತ ಮಕ್ಕಳ ಮನಸ್ಸಿನಲ್ಲಿ ಅವನ ಉತ್ತರ ಉಳಿಯುವುದಿಲ್ಲ, ಅವನೊಬ್ಬನನ್ನೇ ಕೇಳಲಾಯಿತು ಎಂಬುದು ಉಳಿಯುತ್ತದೆ.

ನಿಮ್ಮ ಬೀದಿಯವರು ಕೆಟ್ಟವರೆಂದು ಇದರ ಅರ್ಥವಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ಅವರಲ್ಲೊಬ್ಬರು ನಿಮ್ಮ ಪಕ್ಕದ ಶಿವಮೊಗ್ಗದವರು. ಹೆಂಡತಿಯ, ಮಗನ ಕಣ್ಣೆದುರೇ ಗುಂಡಿಗೆ ಬಲಿಯಾದರು. ಕೊಲ್ಲುವ ಮುನ್ನ ಧರ್ಮ ಯಾವುದೆಂದು ವಿಚಾರಿಸಿದರೆಂದು ಬದುಕಿ ಬಂದವರು ಹೇಳಿದರು. ಇಷ್ಟು ಕೇಳಿದ ಮೇಲೂ ರಕ್ತ ಕುದಿಯದಿದ್ದರೆ ಅದೇ ಅಸಹಜ. ಆದರೆ ಸಿಟ್ಟು ಸಹಜವೆಂದ ಮಾತ್ರಕ್ಕೆ ಸಿಟ್ಟು ಹಿಡಿದ ದಾರಿಯೂ ಸಹಜವಾಗುವುದಿಲ್ಲ. ಹೆಸರು ಕೇಳಿ, ಧರ್ಮ ಕೇಳಿ, ಒಬ್ಬನನ್ನು ಉಳಿದವರಿಂದ ಬೇರೆ ನಿಲ್ಲಿಸಿದ್ದು ಕೊಂದವರ ಕ್ರಮ. ಸತ್ತವರಿಗಾಗಿ ಸೇರಿದ ಸಭೆ ಅದರ ನೆರಳನ್ನೂ ತುಳಿಯಬಾರದಿತ್ತು. ಆ ದುರಂತದಲ್ಲಿ ಗಂಡನನ್ನು ಕಳೆದುಕೊಂಡ, ಮದುವೆಯಾಗಿ ವಾರವಷ್ಟೇ ಆಗಿದ್ದ, ನೌಕಾಪಡೆಯ ಅಧಿಕಾರಿಯೊಬ್ಬರ ಪತ್ನಿ ತಮಗೆ ನ್ಯಾಯ ಬೇಕು, ಆದರೆ ಮುಸ್ಲಿಮರ ಮೇಲೋ ಕಾಶ್ಮೀರಿಗಳ ಮೇಲೋ ಜನ ಹೋಗುವುದು ತಮಗೆ ಬೇಡ ಎಂದು ಬಹಿರಂಗವಾಗಿ ಹೇಳಿದರು. ಅದಕ್ಕಾಗಿ ಆ ಹೆಣ್ಣುಮಗಳು ಸಾಮಾಜಿಕ ಜಾಲತಾಣಗಳಲ್ಲಿ ಕೇಳಬಾರದ್ದನ್ನೆಲ್ಲ ಕೇಳಬೇಕಾಯಿತು. ದುಃಖ ಅವರದು, ಅದರ ಹೆಸರಿನಲ್ಲಿ ಅವರನ್ನೇ ಬೈದವರು ಬೇರೆಯವರು.

ಈಗ ಕಾದಂಬರಿಗೆ ಬರೋಣ. ನಿಮ್ಮ ಮಗ ಕೈಯಲ್ಲಿ ಹಿಡಿದಿದ್ದ ಪುಸ್ತಕದೊಳಗೇ ನಿಮ್ಮ ಬೀದಿಯ ಸಭೆ ಇದೆ, ಹೆಸರುಗಳು ಮಾತ್ರ ಬೇರೆ. ಮೊದಲ ಸಂಪುಟದ ಎರಡನೇ ಭಾಗದಲ್ಲಿ ಲೋತ್ಲೋರಿಯನ್ ಎಂಬ ಅಧ್ಯಾಯವೊಂದಿದೆ. ಒಂಬತ್ತು ಜನರಾಗಿ ಹೊರಟ ತಂಡ ಎಂಟಾಗಿದೆ. ಅವರ ಮಾರ್ಗದರ್ಶಿ ಗ್ಯಾಂಡಾಲ್ಫ್ ಮೋರಿಯಾದ ಗುಹೆಗಳಲ್ಲಿ ಎಲ್ಲರ ಕಣ್ಣೆದುರೇ ಪ್ರಪಾತಕ್ಕೆ ಬಿದ್ದು ಇನ್ನೂ ಒಂದು ದಿನವಾಗಿಲ್ಲ, ಆರ್ಕ್‌ಗಳು ಬೆನ್ನಟ್ಟಿ ಬರುತ್ತಿವೆ. ಆಶ್ರಯ ಸಿಗಬಹುದಾದ, ಆದರೆ ಕುಳ್ಳರನ್ನು ನಂಬದ ಇನ್ನೊಂದು ಕುಲವಾದ ಎಲ್ಫ್‌ಗಳ ಕಾಡನ್ನು ತಲುಪುತ್ತಾರೆ. ಕಾವಲಿನ ಹಾಲ್ಡಿರ್ ಒಂದು ಷರತ್ತು ಹಾಕುತ್ತಾನೆ: ತಂಡದಲ್ಲಿರುವ ಕುಳ್ಳರ ಕುಲದ ಗಿಮ್ಲಿ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಡೆಯಬೇಕು. ಷರತ್ತು ನಿಗದಿಯಾದದ್ದು ಹಿಂದಿನ ರಾತ್ರಿ ಮರದ ಮೇಲಿನ ಅಟ್ಟಣೆಯಲ್ಲಿ, ಗಿಮ್ಲಿ ಕೆಳಗಿದ್ದಾಗ; ಅಟ್ಟಣೆಯಲ್ಲಿದ್ದ ಅವನ ಜೊತೆಗಾರರು ಅದನ್ನು ಒಪ್ಪಿಕೊಂಡಿದ್ದರು. ಬೆಳಿಗ್ಗೆ ಸುದ್ದಿ ತಿಳಿದಾಗ ಗಿಮ್ಲಿ ಕೆರಳುತ್ತಾನೆ. ಈ ಒಪ್ಪಂದ ನನ್ನನ್ನು ಕೇಳಿ ಆದದ್ದಲ್ಲ, ನಾನು ಗೂಢಚಾರನಲ್ಲ, ನನ್ನ ಜನ ಶತ್ರುವಿನ ಸೇವಕರೊಂದಿಗೆ ಎಂದೂ ವ್ಯವಹಾರ ಮಾಡಿದವರಲ್ಲ, ಭಿಕ್ಷುಕನಂತೆ ಕೈದಿಯಂತೆ ಕಣ್ಣುಕಟ್ಟಿಕೊಂಡು ಬರಲಾರೆ ಎಂದು ಕೊಡಲಿಗೆ ಕೈ ಹಾಕುತ್ತಾನೆ. ಕಾವಲಿನವರು ಬಿಲ್ಲಿಗೆ ಬಾಣ ಹೂಡುತ್ತಾರೆ.

ಆಗ ತಂಡದ ಹೊಣೆ ಹೊತ್ತ ಅರಾಗಾರ್ನ್ ಕೊಡುವ ತೀರ್ಮಾನವನ್ನು ಗಮನಿಸಿ. ಗಿಮ್ಲಿ ಒಳ್ಳೆಯವನು, ಅವನನ್ನು ಬಿಟ್ಟುಬಿಡಿ ಎಂದು ಅವನು ವಕಾಲತ್ತು ವಹಿಸುವುದಿಲ್ಲ. ಸ್ವಲ್ಪ ಹೊಂದಿಕೊಂಡು ಹೋಗಪ್ಪಾ ಎಂದು ಗಿಮ್ಲಿಗೆ ಬುದ್ಧಿ ಹೇಳುವುದೂ ಇಲ್ಲ. ಒಬ್ಬನನ್ನೇ ಬೇರೆ ಮಾಡುವುದು ಕಠೋರ, ಆದ್ದರಿಂದ ನಾವೆಲ್ಲರೂ ಕಣ್ಣು ಕಟ್ಟಿಸಿಕೊಳ್ಳುತ್ತೇವೆ, ಎಲ್ಫ್ ಆಗಿರುವ ಲೆಗೊಲಾಸನೂ ಸಹ ಎನ್ನುತ್ತಾನೆ. ಗಿಮ್ಲಿಗೆ ನಗು ಬರುತ್ತದೆ. ಲೆಗೊಲಾಸ್ ಒಬ್ಬ ಜೊತೆಗಿದ್ದರೂ ಸಾಕು ಎನ್ನುತ್ತಾನೆ. ಲೆಗೊಲಾಸನಿಗೆ ಸಿಟ್ಟು ಬರುತ್ತದೆ: ನಾನು ಎಲ್ಫ್, ಇವರ ಬಂಧು, ನನಗೇಕೆ ಪಟ್ಟಿ? ಗೆಳೆಯನಿಗೆ ಹಾಕಿದ ಷರತ್ತನ್ನು ಹಿಂದಿನ ರಾತ್ರಿ ಒಪ್ಪಿದವನಿಗೆ ಅದೇ ಬಟ್ಟೆ ತನ್ನ ಕಣ್ಣಿಗೆ ಬಂದಾಗ ಅವಮಾನವೆನಿಸಿತು. ಪೂರ್ವಗ್ರಹದ ಬಗ್ಗೆ ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ. ಈ ಒಂದು ಸಾಲಿನಷ್ಟು ನಿಖರವಾಗಿ ಅದನ್ನು ಹಿಡಿದದ್ದು ಕಡಿಮೆ. ಕಾವಲಿನ ಹಾಲ್ಡಿರ್ ಕೂಡ ದುಷ್ಟನಲ್ಲ. ಶತ್ರುವಿನ ಬಲ ಎದ್ದು ಕಾಣುವುದು ಅವನನ್ನು ಎದುರಿಸುತ್ತಿರುವವರ ನಡುವೆ ಹುಟ್ಟಿರುವ ಒಡಕಿನಲ್ಲೇ ಎಂಬ ಮಾತನ್ನು ಟೋಲ್ಕಿನ್ ಅವನ ಬಾಯಲ್ಲೇ ಆಡಿಸುತ್ತಾರೆ. ಗೊತ್ತಿದ್ದೂ ಅವನು ನಿಯಮ ಸಡಿಲಿಸುವುದಿಲ್ಲ. ಮರುದಿನ ಅಪ್ಪಣೆ ಬಂದ ಮೇಲೆ ಮೊದಲು ಗಿಮ್ಲಿಯ ಕಣ್ಣುಪಟ್ಟಿಯನ್ನೇ ಬಿಚ್ಚಿ ಕ್ಷಮೆ ಕೇಳುತ್ತಾನೆ. ಮುಂದೆ ಆ ಕಾದಂಬರಿಯಲ್ಲಿ ಗಿಮ್ಲಿ ಮತ್ತು ಲೆಗೊಲಾಸರದು ಎಲ್ಲಕ್ಕಿಂತ ಗಟ್ಟಿ ಸ್ನೇಹಗಳಲ್ಲೊಂದಾಗುತ್ತದೆ.

ನಿಮ್ಮ ಸಭೆಯಲ್ಲಿ ಅರಾಗಾರ್ನನ ಕೆಲಸ ಮಾಡಲು ಶೌರ್ಯ ಬೇಕಿರಲಿಲ್ಲ. ಘೋಷಣೆ ಕೂಗುವುದಿದ್ದರೆ ಎಲ್ಲರೂ ಒಟ್ಟಿಗೆ ಕೂಗೋಣ, ಮೊಂಬತ್ತಿ ಹಿಡಿಯುವುದಿದ್ದರೆ ಎಲ್ಲರೂ ಸಾಲಾಗಿ ಹಿಡಿಯೋಣ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಆ ಹುಡುಗ ನಡುವೆ ಎಲ್ಲೋ ನಿಂತಿರುತ್ತಿದ್ದ, ಅವನ ದುಃಖವೂ ಉಳಿದವರ ದುಃಖದಲ್ಲಿ ಸೇರುತ್ತಿತ್ತು.

ಮಗ ಆಡಿದ ಮಾತಿನ ಎರಡನೇ ತುಂಡು, ‘ಒಬ್ಬಿಬ್ಬರು ಒಳ್ಳೆಯವರಂತೆ’ ಎಂಬುದು, ಇನ್ನೂ ಹಳೆಯದು. ವಿಭೀಷಣ ಸಮುದ್ರ ದಾಟಿ ಬಂದಾಗ ಸುಗ್ರೀವನಿಗೆ ಬಂದ ಅನುಮಾನವೂ ಇದೇ: ರಾಕ್ಷಸ, ಶತ್ರುವಿನ ತಮ್ಮ, ನಟಿಸುತ್ತಿದ್ದಾನೆ, ಹಿಡಿದು ಕೊಲ್ಲಬೇಕು. ಹನುಮಂತ ಅವನ ಪರವಾಗಿ ಮಾತಾಡುತ್ತಾನೆ. ಶರಣು ಬಂದವನು ರಾವಣನೇ ಆಗಿದ್ದರೂ ಅಭಯ ಕೊಡುತ್ತೇನೆಂದು ರಾಮ ಚರ್ಚೆಗೆ ತೆರೆ ಎಳೆಯುತ್ತಾನೆ. ನಮ್ಮ ಮನೆಗಳಲ್ಲಿ ಇಂಥ ಸಂದರ್ಭ ಬಂದಾಗ ವಿಭೀಷಣನ ಹೆಸರೇ ಮೊದಲು ನೆನಪಾಗುವುದು, ಮತ್ತು ಅದರಲ್ಲಿ ಔದಾರ್ಯವೂ ಇದೆ. ಆದರೂ ಮಗನಿಗೆ ಆ ಕಥೆ ಹೇಳುವಾಗ ಸ್ವಲ್ಪ ಎಚ್ಚರವಿರಲಿ. ವಿಭೀಷಣ ಲಂಕೆಯವನು, ಅಣ್ಣನನ್ನು ಬಿಟ್ಟು ಬಂದವನು. ನಿಮ್ಮ ಮಹಡಿಯ ಹುಡುಗ ಯಾವ ಲಂಕೆಯಿಂದಲೂ ಬಂದವನಲ್ಲ. ಅವನು ಬಿಟ್ಟು ಬರಬೇಕಾದ ರಾವಣ ಯಾರೂ ಇಲ್ಲ. ಅವನನ್ನು ‘ಒಳ್ಳೆಯ ಕಾಶ್ಮೀರಿ’ ಎಂದು ಮೆಚ್ಚುವುದರಲ್ಲೂ ಉಳಿದವರೆಲ್ಲ ಕೆಟ್ಟವರೆಂಬ ಲೆಕ್ಕ ಅಡಗಿರುತ್ತದೆ. ಬೈಸರನ್‌ನಲ್ಲಿ ಸತ್ತ 26 ಜನರಲ್ಲಿ ಸೈಯದ್ ಆದಿಲ್ ಹುಸೇನ್ ಶಾ ಎಂಬ ಕುದುರೆ ಸವಾರಿಯ ಸ್ಥಳೀಯ ಯುವಕನೂ ಇದ್ದ. ಪ್ರವಾಸಿಗರನ್ನು ಉಳಿಸಲು ಹೋಗಿ ಸತ್ತನೆಂದು ವರದಿಯಾಯಿತು. ಅವನನ್ನು ನೆನೆಯಬೇಕು, ಅವನ ಧೈರ್ಯಕ್ಕಾಗಿ ನೆನೆಯಬೇಕು. ಅವನ ಸಾವನ್ನು ಉಳಿದ ಕಾಶ್ಮೀರಿಗಳಿಗೆ ಕೊಡುವ ವಿನಾಯಿತಿ ಚೀಟಿಯಾಗಿ ಬಳಸಿದರೆ, ಪ್ರಾಣ ಕೊಡದ ಸಾಮಾನ್ಯ ಮನುಷ್ಯನ ಮೇಲೆ ಅನುಮಾನ ಹಾಗೆಯೇ ಉಳಿಯುತ್ತದೆ.

ಇನ್ನು ಪುಸ್ತಕದ ಪಾಲು ಎಷ್ಟು ಎಂಬ ಪ್ರಶ್ನೆ. ಸ್ವಲ್ಪ ಪಾಲು ಇದೆ, ಅದನ್ನು ಮುಚ್ಚಿಡಬಾರದು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ಈ ಕಾದಂಬರಿಯಲ್ಲಿ ಆರ್ಕ್‌ಗಳ ಇಡೀ ಕುಲವೇ ಕ್ರೂರವಾದದ್ದು. ಅವನ್ನು ಸಾಲುಸಾಲಾಗಿ ಕೊಂದರೂ ಓದುಗನಿಗೆ ಪಾಪಪ್ರಜ್ಞೆ ಮೂಡುವುದಿಲ್ಲ. ಶತ್ರುವಿನ ಪರವಾಗಿ ಹೋರಾಡುವ ಮನುಷ್ಯರು ಬರುವುದು ಪೂರ್ವದಿಂದ ಮತ್ತು ದಕ್ಷಿಣದಿಂದ, ಅವರ ಮೈಬಣ್ಣ ಹೆಚ್ಚಾಗಿ ಕಂದು ಅಥವಾ ಕಪ್ಪು. 1958ರಲ್ಲಿ ಒಂದು ಚಿತ್ರಕಥೆಯನ್ನು ಕುರಿತು ಬರೆದ ಪತ್ರದಲ್ಲಿ ಟೋಲ್ಕಿನ್ ಆರ್ಕ್‌ಗಳ ಚಪ್ಪಟೆ ಮೂಗು, ಓರೆಗಣ್ಣು, ಮಾಸಲು ಮೈಬಣ್ಣಗಳನ್ನು ವರ್ಣಿಸಿ, ಯುರೋಪಿಯನ್ನರ ಕಣ್ಣಿಗೆ ಚೆಂದ ಕಾಣದ ಮಂಗೋಲ್ ಮುಖಗಳ ವಿಕೃತ ರೂಪವೆಂದು ಹೇಳಿದ್ದಾರೆ. 2020ರಲ್ಲಿ ಈಶಾನ್ಯ ರಾಜ್ಯಗಳ ಯುವಕರನ್ನು ನಮ್ಮ ನಗರಗಳಲ್ಲಿ ‘ಕೊರೊನಾ’ ಎಂದು ಕೂಗಿದ್ದು ನೆನಪಿರುವವರಿಗೆ ಈ ವರ್ಣನೆಯನ್ನು ಓದುವುದು ಕಷ್ಟ. ನಿಮ್ಮ ಮಗ ಇದನ್ನು ಓದಿ ತಿಳಿಯುವಷ್ಟು ದೊಡ್ಡವನು, ಅವನಿಂದ ಬಚ್ಚಿಡುವ ಅಗತ್ಯವಿಲ್ಲ.

ಅದೇ ಲೇಖಕ ತನ್ನ ಕಲ್ಪನೆಯ ಈ ಅನುಕೂಲವನ್ನು ಬೀದಿಗೆ ತರಲು ಒಪ್ಪಲಿಲ್ಲ ಎಂಬುದನ್ನೂ ಅವನಿಗೆ ಹೇಳಬೇಕು. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೊಮ್ ಕಾಳಗದಲ್ಲಿದ್ದವರು. ಶಾಲಾದಿನಗಳ ಮೂವರು ಆಪ್ತ ಗೆಳೆಯರಲ್ಲಿ ಇಬ್ಬರನ್ನು ಆ ಮಹಾಯುದ್ಧ ನುಂಗಿತು. ಎರಡನೇ ಮಹಾಯುದ್ಧ ಬಂದಾಗ ಮಗ ಕ್ರಿಸ್ಟಫರ್ ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದ. ಅವನಿಗೆ 1944ರ ಸೆಪ್ಟೆಂಬರಿನಲ್ಲಿ ಬರೆದ ಕಾಗದವೊಂದರಲ್ಲಿ, ಗೆದ್ದ ಮೇಲೆ ಜರ್ಮನ್ ಜನಾಂಗವನ್ನೇ ಕ್ರಮವಾಗಿ ನಿರ್ಮೂಲ ಮಾಡಬೇಕು, ಅವರು ವಿಷಸರ್ಪಗಳು, ಒಳ್ಳೆಯದು ಕೆಟ್ಟದರ ವ್ಯತ್ಯಾಸ ಅವರಿಗೆ ಗೊತ್ತಿಲ್ಲ ಎಂದು ಊರ ಪತ್ರಿಕೆಯಲ್ಲಿ ಬಂದ ಲೇಖನವನ್ನು ಕಂಡು ಅವರು ಕಿಡಿಕಾರುತ್ತಾರೆ. ಹಾಗಾದರೆ ಇದನ್ನು ಬರೆದವನಿಗೆ ಆ ವ್ಯತ್ಯಾಸ ಗೊತ್ತಿದೆಯೇ ಎಂದು ಕೇಳುತ್ತಾರೆ. ಪೋಲೆಂಡಿನವರನ್ನೂ ಯಹೂದಿಗಳನ್ನೂ ಹುಳುಗಳೆಂದು ಸಾರಲು ಜರ್ಮನ್ನರಿಗೆ ಎಷ್ಟು ಹಕ್ಕಿದೆಯೋ ಜರ್ಮನ್ನರ ಬಗ್ಗೆ ಹಾಗೆ ಹೇಳಲು ನಮಗೂ ಅಷ್ಟೇ ಹಕ್ಕಿದೆ, ಅಂದರೆ ಎಳ್ಳಷ್ಟೂ ಇಲ್ಲ, ಅವರು ಏನೇ ಮಾಡಿರಲಿ ಎಂಬುದು ಆ ಕಾಗದದ ತಾತ್ಪರ್ಯ. ದೇಶ ಯುದ್ಧದಲ್ಲಿದ್ದಾಗ, ಮಗ ಸೇನೆಯಲ್ಲಿದ್ದಾಗ ಬರೆದದ್ದು ಇದು. ಅದೇ ವರ್ಷದ ಇನ್ನೊಂದು ಕಾಗದದಲ್ಲಿ, ನಿಜ ಜೀವನದಲ್ಲಿ ಆರ್ಕ್‌ಗಳು ಎರಡೂ ಕಡೆ ಇರುತ್ತಾರೆ ಎಂದಿದ್ದಾರೆ. ಮಗನ ಮಾತಿಗೆ ಉತ್ತರ ಬೇಕಿದ್ದರೆ ಅವನ ಮೆಚ್ಚಿನ ಲೇಖಕನೇ ಕೊಟ್ಟಿದ್ದಾನೆ.

ಆರ್ಕ್‌ಗಳ ವಿಷಯದಲ್ಲೂ ಲೇಖಕನ ಮನಸ್ಸು ನೆಟ್ಟಗೆ ಕೂರಲಿಲ್ಲ. ಶ್ರದ್ಧಾವಂತ ಕ್ಯಾಥೊಲಿಕರಾಗಿದ್ದ ಅವರಿಗೆ ಉದ್ಧಾರವೇ ಆಗಲಾರದ ಕುಲವೊಂದಿದೆ ಎಂದು ಒಪ್ಪಿಕೊಳ್ಳಲು ಆಗದೆ, ಬದುಕಿನ ಕೊನೆಯ ವರ್ಷಗಳವರೆಗೂ ಆ ಪ್ರಶ್ನೆಯನ್ನು ತಿರುತಿರುಗಿ ಬರೆದು ನೋಡಿದರು. ಕಾದಂಬರಿಯಲ್ಲೇ ಒಂದು ಕಡೆ ಇಬ್ಬರು ಆರ್ಕ್ ನಾಯಕರು ಕತ್ತಲಲ್ಲಿ ಮಾತಾಡಿಕೊಳ್ಳುತ್ತಾರೆ: ಈ ಯುದ್ಧ ಮುಗಿದರೆ ನಂಬಿಕಸ್ಥ ನಾಲ್ಕು ಹುಡುಗರನ್ನು ಕಟ್ಟಿಕೊಂಡು, ದೊಡ್ಡ ಯಜಮಾನರ ಕಾಟವಿಲ್ಲದ ಕಡೆ ಹೋಗಿ ಇರೋಣ ಎಂದು. ಅವರ ಕನಸೂ ಲೂಟಿಯದೇ. ಆದರೆ ಆ ಧ್ವನಿ ಸಾಕಾಗಿ ಹೋದ ಸಿಪಾಯಿಯದು. ಎರಡನೇ ಸಂಪುಟದಲ್ಲಿ ದಕ್ಷಿಣದ ಯೋಧನೊಬ್ಬ ಸತ್ತು, ಕಥಾನಾಯಕ ಫ್ರೋಡೋನ ಜೊತೆಗಾರ ಸ್ಯಾಮ್‌ನ ಕಾಲ ಬಳಿ ಬೀಳುತ್ತಾನೆ. ಅವನ ಹೆಸರೇನಿತ್ತೋ, ಎಲ್ಲಿಂದ ಬಂದನೋ, ನಿಜಕ್ಕೂ ಮನಸ್ಸು ಕೆಟ್ಟವನೋ, ಅಥವಾ ಯಾವ ಸುಳ್ಳು, ಯಾವ ಬೆದರಿಕೆ ಅವನನ್ನು ಮನೆಯಿಂದ ಇಷ್ಟು ದೂರ ಹೊರಡಿಸಿತೋ ಎಂದು ಸ್ಯಾಮ್‌ಗೆ ಅನ್ನಿಸುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಸಿದ ಕೈಯೇ ಹೀಗೆ ಅಲ್ಲಲ್ಲಿ ಅದನ್ನು ಸಡಿಲಿಸುತ್ತದೆ. ಅದಕ್ಕೇ ಈ ಪುಸ್ತಕವನ್ನು ನಾನು ಮಕ್ಕಳ ಕೈಯಿಂದ ಕಿತ್ತುಕೊಳ್ಳಲಾರೆ.

ರಾಷ್ಟ್ರೀಯ ದುರಂತಗಳ ನಂತರ ನಡೆದದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದೇ ತರ್ಕ ಕಾಣುತ್ತದೆ. ಅಪರಾಧಿ ಕೈಗೆ ಸಿಗುವುದಿಲ್ಲ, ಅವನನ್ನು ಹೋಲುವವನು ಪಕ್ಕದಲ್ಲೇ ಸಿಗುತ್ತಾನೆ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಅಮೆರಿಕವು ತನ್ನ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು, ಒಟ್ಟು ಸುಮಾರು 1,20,000 ಜನ. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಆ ದೇಶದ ಪ್ರಜೆಗಳೇ. ಇದಕ್ಕೆ ಸೈನಿಕ ಅಗತ್ಯ ಕಾರಣವಾಗಿರಲಿಲ್ಲ, ಜನಾಂಗೀಯ ಪೂರ್ವಗ್ರಹ, ಯುದ್ಧೋನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಕಾರಣವೆಂದು ಅಲ್ಲಿನ ಸಂಸತ್ತು ನೇಮಿಸಿದ ಆಯೋಗವೇ 1983ರಲ್ಲಿ ಹೇಳಿತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನು ಮಾಡಿತು. ನಾವು ಇದನ್ನು ದೂರದ ಕಥೆಯೆಂದು ಓದುತ್ತೇವೆ. 1962ರ ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದ್ದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅವರಲ್ಲಿ ಕೆಲವರು ಯುದ್ಧ ಮುಗಿದು ವರ್ಷಗಟ್ಟಲೆ ಅಲ್ಲೇ ಇದ್ದರು. 1984ರಲ್ಲಿ ಇಂದಿರಾ ಗಾಂಧಿಯವರನ್ನು ಕೊಂದವರು ಇಬ್ಬರು ಅಂಗರಕ್ಷಕರು. ಮುಂದಿನ ದಿನಗಳಲ್ಲಿ ದೆಹಲಿಯೊಂದರಲ್ಲೇ, ಸರ್ಕಾರದ ಲೆಕ್ಕದ ಪ್ರಕಾರ, 2,733 ಸಿಖ್ಖರು ಸತ್ತರು.

ಇವುಗಳಲ್ಲಿ ನಾನು ಮಕ್ಕಳಿಗೆ ಹೇಳುವುದು ಬಲಬೀರ್ ಸಿಂಗ್ ಸೋಧಿಯವರ ಸಂಗತಿ. ಪಂಜಾಬಿನಿಂದ ಹೋಗಿ ಅಮೆರಿಕದ ಅರಿಜೋನಾದ ಮೆಸಾ ಪಟ್ಟಣದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದವರು. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ನಾಲ್ಕೇ ದಿನಕ್ಕೆ, ಬಂಕಿನ ಮುಂದೆ ಗಿಡ ನೆಡಿಸುತ್ತಿದ್ದಾಗ, ಗಡ್ಡ ಮತ್ತು ಪೇಟ ನೋಡಿ ಒಬ್ಬ ಅವರನ್ನು ಗುಂಡಿಕ್ಕಿ ಕೊಂದ. ಅದಕ್ಕೆ ಸ್ವಲ್ಪ ಮೊದಲು ಅವರು ದಾಳಿಯ ಸಂತ್ರಸ್ತರ ನಿಧಿಗೆ ಹಣ ಹಾಕಿ ಬಂದಿದ್ದರೆಂದು ಮನೆಯವರು ಹೇಳಿದ್ದಾರೆ. ಈ ಸಂಗತಿ ಕೇಳಿದ ಹುಡುಗರು ಸಾಮಾನ್ಯವಾಗಿ ‘ಅಯ್ಯೋ, ತಪ್ಪು ತಿಳಿದುಕೊಂಡು ಕೊಂದ’ ಎನ್ನುತ್ತಾರೆ. ಅಲ್ಲಿ ನಿಲ್ಲಿಸಿ ಕೇಳಬೇಕು: ಅವರು ಸಿಖ್ಖರಾಗಿರದೆ ಮುಸ್ಲಿಮರೇ ಆಗಿದ್ದಿದ್ದರೆ ಕೊಂದದ್ದು ಸರಿಯಾಗುತ್ತಿತ್ತೇ? ಸೋಧಿಯವರ ಬದಲು ಆ ಬಂಕಿನಲ್ಲಿ ಅರಬ್ ಅಂಗಡಿಕಾರನೊಬ್ಬ ಇದ್ದಿದ್ದರೂ ನ್ಯೂಯಾರ್ಕಿನಲ್ಲಿ ವಿಮಾನ ನುಗ್ಗಿಸಿದವನು ಅವನಾಗಿರುತ್ತಿರಲಿಲ್ಲ. ನಿಮ್ಮ ಮಗನಿಗೆ ಈ ಪ್ರಶ್ನೆ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ.

ಶತ್ರುವಿನ ಮೇಲೆ ಸಿಟ್ಟೇ ಬೇಡವೇ ಎಂದು ಅವನು ತಿರುಗಿ ಕೇಳಬಹುದು. ಆ ಪ್ರಾಯದಲ್ಲಿ ಕೇಳಲೇಬೇಕು. ಆಗ ಅವನನ್ನು ಒಂದು ಭಾನುವಾರ ನಮ್ಮ ದುರ್ಗಕ್ಕೆ ಕರೆತನ್ನಿ. ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತು ಕಥೆಯನ್ನು ನಿಧಾನವಾಗಿ ಹೇಳಿ. ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದ ಹೆಣ್ಣುಮಗಳು, ಬಂಡೆಯ ಸಂದಿಯಿಂದ ತೂರಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದಳು. ಅವಳ ಒನಕೆ ಬಿದ್ದದ್ದು ಕತ್ತಿ ಹಿಡಿದು ಕಿಂಡಿಯಲ್ಲಿ ತಲೆ ಹಾಕಿದವನ ಮೇಲೆ. ಅದನ್ನು ಹೊತ್ತುಕೊಂಡು ಅವಳು ಪೇಟೆಗೆ ಇಳಿದು ಹೋಗಿ ಹೈದರನ ಧರ್ಮದವರ ಮನೆ ಹುಡುಕಿದಳೆಂದು ನಮ್ಮ ಯಾವ ಲಾವಣಿಯೂ ಹೇಳುವುದಿಲ್ಲ. ಅದೇ ಹೈದರನಿಗೆ ಒಂದು ಕಾಲದಲ್ಲಿ ಮದಕರಿನಾಯಕ ಯುದ್ಧಗಳಲ್ಲಿ ನೆರವಾಗಿದ್ದ, 1779ರಲ್ಲಿ ಅದೇ ಹೈದರನಿಗೆ ದುರ್ಗ ಸೋತಿತು. ಇತಿಹಾಸದಲ್ಲಿ ಮೈತ್ರಿಯೂ ವೈರವೂ ಮನುಷ್ಯರ ನಡುವಿನ ಲೆಕ್ಕಾಚಾರಗಳು, ರಕ್ತದಲ್ಲಿ ಬರೆದು ಬಂದವಲ್ಲ. ಕೋಟೆ ಹತ್ತುವಾಗ ಹುಡುಗರು ಈ ಮಾತನ್ನು ತರಗತಿಯಲ್ಲಿ ಕೇಳುವುದಕ್ಕಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಕಾರಣ ಏನೋ ಗೊತ್ತಿಲ್ಲ, ಬಹುಶಃ ಏದುಸಿರು ಬಿಡುತ್ತಾ ವಾದ ಮಾಡಲಾಗುವುದಿಲ್ಲ.

ಕುಲವನ್ನೇ ಕೆಟ್ಟದ್ದೆಂದು ಬರೆದಿಡುವ ಅಭ್ಯಾಸ ನಮ್ಮ ಕಥೆಗಳಿಗೆ ಪೂರ್ತಿ ಒಗ್ಗಿದ್ದೂ ಅಲ್ಲ. ಅಸುರ ಕುಲದ ಬಲಿ ಚಕ್ರವರ್ತಿಗೆ ನಾವು ದೀಪಾವಳಿಯಲ್ಲಿ ಒಂದು ಇಡೀ ದಿನ ಕೊಟ್ಟಿದ್ದೇವೆ. ಪ್ರಹ್ಲಾದ ಹಿರಣ್ಯಕಶಿಪುವಿನ ಮಗ. ಪಂಪ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ, ಅದೂ ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡ ಕಾವ್ಯದಲ್ಲಿ. ರನ್ನ ಸೋಲುವ ದುರ್ಯೋಧನನಿಗೆ ಕೊಟ್ಟ ಘನತೆ ಗೆಲ್ಲುವ ಭೀಮನಿಗೂ ಅಸೂಯೆ ಹುಟ್ಟಿಸುವಂಥದ್ದು. ನಮ್ಮ ಸೀಮೆಯ ಬಯಲಾಟಗಳಲ್ಲಿ ಜನ ನಿದ್ದೆಗೆಟ್ಟು ಕಾಯುವುದು ರಾಕ್ಷಸ ವೇಷ ರಂಗಕ್ಕೆ ಬರುವುದನ್ನೇ. ಇದನ್ನೆಲ್ಲ ಹೇಳಿ, ನಾವು ಹುಟ್ಟಾ ಉದಾರಿಗಳೆಂದು ಬೀಗುವ ಹಾಗಿಲ್ಲ. ಪಂಪನನ್ನು ಓದಿದವರ ನಾಡಿನಲ್ಲೇ, 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು.

ಇನ್ನು ಮಾಡಬೇಕಾದ್ದು. ಮಗನನ್ನು ಕೈಹಿಡಿದು ಮಹಡಿಗೆ ಎಳೆದೊಯ್ದು ಕ್ಷಮೆ ಕೇಳಿಸಬೇಡಿ. ಅದು ಆ ವಿದ್ಯಾರ್ಥಿಯನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸಿದಂತೆಯೇ ಆಗುತ್ತದೆ. ‘ಪರವಾಗಿಲ್ಲ’ ಎನ್ನದೆ ಅವನಿಗೆ ಬೇರೆ ದಾರಿ ಇರುವುದಿಲ್ಲ. ಮೊದಲು ನೀವು ದೊಡ್ಡವರು ಒಬ್ಬರೇ ಹೋಗಿ, ಸಭೆಯಲ್ಲಿ ಆದದ್ದು ಸರಿಯಲ್ಲ, ನಾವು ಅಲ್ಲೇ ಇದ್ದೂ ಸುಮ್ಮನಿದ್ದೆವು ಎಂದು ಹೇಳಿ ಬನ್ನಿ. ಅವನ ಊರು, ಮನೆಯವರ ಕ್ಷೇಮ ಕೇಳಿ. ಅವನ ರಾಜಕೀಯ ಅಭಿಪ್ರಾಯ ಕೇಳಬೇಡಿ. ಮುಂದಿನ ಸಲ ಬೀದಿಯಲ್ಲಿ ಸಭೆ ಸೇರಿದಾಗ, ಒಬ್ಬರನ್ನು ಮಾತ್ರ ಮುಂದೆ ಕರೆಯುವ ಮಾತು ಬಂದರೆ ನೀವೇ ಎದ್ದು ಎಲ್ಲರೂ ಒಟ್ಟಿಗೆ ಎನ್ನಬೇಕಾಗುತ್ತದೆ, ಅದಕ್ಕೆ ಈಗಿನಿಂದಲೇ ಒಂದಿಬ್ಬರು ಹಿರಿಯರೊಂದಿಗೆ ಖಾಸಗಿಯಾಗಿ ಮಾತಾಡಿಟ್ಟುಕೊಳ್ಳಿ; ಸಭೆಯ ಕಾವಿನಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಮಗನೊಂದಿಗೆ ಆ ಲೋತ್ಲೋರಿಯನ್ ಅಧ್ಯಾಯವನ್ನು ಜೋರಾಗಿ ಓದಿ, ಇಬ್ಬರೂ ಸರದಿಯಂತೆ. ಸಿನಿಮಾ ನೋಡಿದವನಿಗೆ ಇದು ಹೊಸದಾಗಿರುತ್ತದೆ, ಏಕೆಂದರೆ 2001ರ ಚಿತ್ರದಲ್ಲಿ ಗಿಮ್ಲಿಯ ಕಣ್ಣು ಕಟ್ಟುವ ಪ್ರಸಂಗವನ್ನೇ ಬಿಟ್ಟಿದ್ದಾರೆ. ಆರ್ಕ್‌ಗಳ ಮುಖಗಳನ್ನು ಮಾತ್ರ ಎಷ್ಟು ಹತ್ತಿರದಿಂದ ತೋರಿಸಿದ್ದಾರೆಂದರೆ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅವನ ತಲೆಯಲ್ಲಿರುವ ಆರ್ಕ್ ಬಹುಪಾಲು ಆ ಚಿತ್ರದ್ದೆಂದು ನನ್ನ ಊಹೆ. ಓದುವಾಗ ಮಹಡಿಯ ಹುಡುಗನ ಹೆಸರೆತ್ತಬೇಡಿ. ಹದಿನಾಲ್ಕರ ಮಕ್ಕಳಿಗೆ ಪಾಠದ ವಾಸನೆ ಬೇಗ ಹತ್ತುತ್ತದೆ. ಲೆಗೊಲಾಸನಿಗೆ ಯಾಕೆ ಸಿಟ್ಟು ಬಂತು ಎಂದಷ್ಟೇ ಕೇಳಿ ಬಿಡಿ.

ಆ ವಿದ್ಯಾರ್ಥಿ ಮತ್ತೆ ಕೆಳಗೆ ಬಂದು ಮೊದಲಿನಂತೆ ಪಾಠ ಹೇಳುತ್ತಾನೆಯೇ ಎಂಬುದು ನಿಮ್ಮ ಕೈಯಲ್ಲಿಲ್ಲ. ಬಾಡಿಗೆಯ ವಿಷಯದಲ್ಲಾಗಲಿ ನೀರಿನ ವಿಷಯದಲ್ಲಾಗಲಿ ಅವನಿಗೆ ಯಾವ ತೊಂದರೆಯೂ ಆಗದಂತೆ, ಯಾರಾದರೂ ಮನೆ ಖಾಲಿ ಮಾಡಿಸಿ ಎಂದರೆ ಒಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅವನು ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ, ಬಾ ಎಂದು ಒತ್ತಾಯವನ್ನೂ ಮಾಡಬೇಡಿ. ಶಾಲೆ ಶುರುವಾಗುವುದರೊಳಗೆ ಮಗನ ಗಣಿತಕ್ಕೆ ಬೇರೆ ಮೇಷ್ಟ್ರೊಬ್ಬರನ್ನು ಹುಡುಕಿಕೊಳ್ಳಿ.